ನಡುಗಡ್ಡೆಯ ಬಾಲ

"ಅಲ್ಲೆಲ್ಲೋ ಹಕ್ಕಿ ಇಳಿಯುತ್ವಂತಲ್ಲ, ಅಲ್ಲಿಗೂ ಒಂಚೂರು ಕರ್ಕೊಂಡು ಹೋಗ್ತೀರಾ?" ಎಂದು ಮೈಸೂರಿನ ಹೆಂಗಸು ಕೇಳಿದಾಗ, ಕಲ್ಲಪ್ಪ ಹರಿಗೋಲಿನ ಅಂಚು ಹಿಡಿದು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ. ಆಕೆಯ ಗಂಡ ಆಗಲೇ ಒಳಗೆ ಕುಳಿತು ಕ್ಯಾಮೆರಾದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದ.

"ಅದು ಗಡ್ಡಿ ಬಾಲದ ಕಡೆ ಆತ್ರೀ ಬಾಯಾರ. ದೂರ ಆಗತೈತಿ."

"ನಾಳೆ ಊರಿಗೆ ಹೊರಟುಬಿಡ್ತೀವಿ. ಮತ್ತೆ ಈ ಕಡೆ ಯಾವಾಗ ಬರ್ತೀವೋ ಏನೋ."

ಕಲ್ಲಪ್ಪ ದಂಡೆಯತ್ತ ನೋಡಿದ. ಇವರಿಬ್ಬರಿಗೆ ಗಡ್ಡಿಯ ಗುಡಿ ತೋರಿಸಿ ತಂದು ಈಗಷ್ಟೇ ಇಳಿಸಿದ ಅಮಸಿದ್ದಪ್ಪನ ಚಕ್ಕಡಿ ಮರಳು ದಾಟಿ ಊರ ದಾರಿ ಹಿಡಿದಿತ್ತು. ದಾಟುವವರು ಬೇರೆ ಯಾರೂ ಇರಲಿಲ್ಲ.

ಕೃಷ್ಣೆಯ ನಡುವಿನ ಸಿದ್ದನಗಡ್ಡಿ ಎಂಬ ನಡುಗಡ್ಡೆಯಲ್ಲಿದ್ದದ್ದು ಇಪ್ಪತ್ತೆರಡು ಮನೆ, ಎಲ್ಲ ಕುರಿ ಸಾಕುವವರವು. ಒಂದು ಹಳೆಯ ಬೀರಪ್ಪನ ಗುಡಿ, ಅದರ ಸುತ್ತ ಅರ್ಧ ಹೂತ ವೀರಗಲ್ಲುಗಳು. ಬಾದಾಮಿ, ಐಹೊಳೆ ನೋಡಲು ಬಂದವರಲ್ಲಿ ಯಾರೋ ಒಬ್ಬಿಬ್ಬರು ಸುದ್ದಿ ಕೇಳಿ, ಅಮೀನಗಡದಿಂದ ಬಸ್ಸು ಹಿಡಿದು, ಇಳಿದ ಮೇಲೆ ಎರಡು ಮೈಲಿ ನಡೆದು ಹೊಳೆಗೆ ಬರುತ್ತಿದ್ದರು. ಹೊಳೆ ದಾಟಲು ಕಲ್ಲಪ್ಪನ ಹರಿಗೋಲು, ದಾಟಿದ ಮೇಲೆ ಗುಡಿಯವರೆಗೆ ಅಮಸಿದ್ದಪ್ಪನ ಚಕ್ಕಡಿ. ಇವೆರಡು ಬಿಟ್ಟರೆ ಅವರವರ ಕಾಲು. "ಲೇ ಕಲ್ಯಾ, ನೀರಾಗ ನೀ ಡ್ರೈವರ, ನೆಲದ ಮ್ಯಾಲೆ ನಾ ಡ್ರೈವರ" ಎಂದು ಅಮಸಿದ್ದಪ್ಪ ಬಂದವರೆದುರು ನಗುತ್ತಿದ್ದ. ಹರಿಗೋಲಿಗೆ ಒಂದೇ ಕಟ್ಟಳೆಯಿತ್ತು. ಹೊತ್ತು ಮುಳುಗುವ ತನಕ ಅದು ಈ ದಂಡೆಯಲ್ಲಿರಬೇಕು ಇಲ್ಲವೇ ಆ ದಂಡೆಯಲ್ಲಿರಬೇಕು, ಕೂಗಿದರೆ ಕೇಳುವಂತಿರಬೇಕು. ಆ ಮಾತಿನ ಮೇಲೆಯೇ ಗಡ್ಡಿಯವರು ಸುಗ್ಗಿಯಲ್ಲಿ ಮನೆಮನೆಯಿಂದ ಅವನಿಗೆ ಜೋಳ ಹಾಕುತ್ತಿದ್ದರು.

"ಲಗೂನ ನೋಡಿ ಬಂದಬಿಡೂಣ, ಕುಂದರ್ರಿ" ಎಂದ ಕಲ್ಲಪ್ಪ.

ಎಪ್ಪತ್ತಾರನೆಯ ಇಸವಿಯ ಚಳಿಗಾಲ. ಹೊಳೆ ಸಣ್ಣಗಾಗಿ ತಣ್ಣಗೆ ಹರಿಯುತ್ತಿತ್ತು. ನೀರಿನ ಜೊತೆ ಇಳಿಯುವುದು ಕಷ್ಟವಿರಲಿಲ್ಲ. ಗಡ್ಡಿ ಸಪೂರವಾಗಿ ಬಾಲದಂತೆ ಮುಗಿಯುವಲ್ಲಿ, ಮರಳಿನ ಮೇಲೆ ಬೂದುಬಣ್ಣದ ದೊಡ್ಡ ಹಕ್ಕಿಗಳು ನೂರಾರು ಕುಳಿತಿದ್ದವು. ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡು ನೋಡಿದಳು. ಇಪ್ಪತ್ತು ವರ್ಷ ಇದೇ ಹೊಳೆಯಲ್ಲಿದ್ದೂ ಕಲ್ಲಪ್ಪ ಅವನ್ನು ಹಾಗೆ ಸುಮ್ಮನೆ ನಿಂತು ನೋಡಿರಲಿಲ್ಲ. ಅವನಿಗೂ ಹೊರಡಲು ಮನಸ್ಸಾಗಲಿಲ್ಲ.

ವಾಪಸು ಬರುವಾಗ ಹರಿಗೋಲಿಗೆ ಹಗ್ಗ ಕಟ್ಟಿ, ದಂಡೆಗುಂಟ ನೀರಿನಲ್ಲಿ ನಡೆಯುತ್ತ ಎಳೆಯಬೇಕಾಯಿತು. ಅರ್ಧ ದಾರಿ ಬಂದಾಗ ಕೂಗು ಕೇಳಿಸಿತು. ಕುರಿ ಕರೆಯುತ್ತಿದ್ದಾರೆ ಅಂದುಕೊಂಡ. ಇನ್ನಷ್ಟು ಮುಂದೆ ಬಂದಾಗ ಅದು ತನ್ನ ಹೆಸರೆಂದು ತಿಳಿಯಿತು.

ದಂಡೆಯಲ್ಲಿ ಜನ ನೆರೆದಿದ್ದರು. ಚಕ್ಕಡಿಯಲ್ಲಿ ಅಮಸಿದ್ದಪ್ಪನನ್ನು ಮಲಗಿಸಿದ್ದರು. ಎತ್ತಿಗೆ ಹಾಕಲೆಂದು ಬಣವೆಯಿಂದ ಜೋಳದ ಕಣಿಕೆ ಹಿರಿಯುವಾಗ ಹಾವು ಮುಂಗೈ ಕಚ್ಚಿತ್ತಂತೆ. ಕೈ ಮೊಣಕೈವರೆಗೆ ಬಾತಿತ್ತು, ರೆಪ್ಪೆಗಳು ಜೋತುಬಿದ್ದಿದ್ದವು. ಅವನ ಹೆಂಡತಿ ಹನಮವ್ವ ನೀರಿಗಿಳಿದು ಬಂದು ಹರಿಗೋಲು ಹಿಡಿದಳು.

"ಎಲ್ಲಿ ಹೋಗಿದ್ಯೋ ಅಣ್ಣಾ? ಕೂಗಿ ಕೂಗಿ ಸಾಕಾತು."

"ಸೆಳವಿಗೆ ಸಿಕ್ಕಿದ್ನಿ ತಂಗಿ. ಬಾಲದ ತನಕಾ ಜಗ್ಗಿಕೊಂಡ ಹೋತು."

ಮಾತು ತಾನಾಗಿ ಬಾಯಿಂದ ಬಿದ್ದಿತ್ತು. ಮೈಸೂರಿನ ಹೆಂಗಸು ಒಮ್ಮೆ ತಲೆಯೆತ್ತಿ ಅವನ ಮುಖ ನೋಡಿದಳು. ಆಮೇಲೆ ಗಂಡನ ಕೈ ಹಿಡಿದು ಕೆಳಗಿಳಿದು ಜಾಗ ಬಿಟ್ಟಳು.

ನಡುಹೊಳೆಯಲ್ಲಿ ಅಮಸಿದ್ದಪ್ಪನ ಉಸಿರು ನಿಂತಿತು. ಕಲ್ಲಪ್ಪನ ಕೈಯಲ್ಲಿ ಹುಟ್ಟು ತಡೆಯಿತು. "ನಿಂದರಸಬ್ಯಾಡ" ಎಂದಳು ಹನಮವ್ವ, ಗಂಡನ ತಲೆಯನ್ನು ತೊಡೆಯ ಮೇಲಿಂದ ಇಳಿಸದೆ. "ಹುನಗುಂದದಾಗ ದವಾಖಾನಿ ಐತಿ. ನಿಂದರಸಬ್ಯಾಡ ನಡಿ." ಅವನು ಆಚೆ ದಂಡೆಯವರೆಗೂ ಹುಟ್ಟು ಹಾಕಿದ. ಅಲ್ಲಿದ್ದ ಹಿರಿಯರೊಬ್ಬರು ಬಗ್ಗಿ ನೋಡಿ, ವಾಪಸು ಕರೆದುಕೊಂಡು ಹೋಗಿರೆಂದು ಕೈಮಾಡಿದರು.

ಸಂಜೆ ಗಡ್ಡಿಯ ದಂಡೆಯಲ್ಲೇ ಕುಳಿತಿದ್ದ ಮೈಸೂರಿನ ಗಂಡಹೆಂಡಿರನ್ನು ಕಲ್ಲಪ್ಪ ದಾಟಿಸಿದ.

"ಸೆಳವು ಇರಲಿಲ್ಲ ಅಲ್ವಾ?" ಎಂದಳು ಹೆಂಗಸು. "ನಾನು ಕೇಳದೇ ಇದ್ದಿದ್ರೆ..."

"ಸುಮ್ನಿರು" ಎಂದ ಗಂಡ.

ಕಲ್ಲಪ್ಪನನ್ನು ಯಾರೂ ಬೈಯಲಿಲ್ಲ. ಹಗ್ಗ ಉಜ್ಜಿ ರಕ್ತ ಬಂದ ಅವನ ಅಂಗೈಗಳನ್ನು ಎಲ್ಲರೂ ನೋಡಿದ್ದರು. "ಹೊಳಿ ಜಗ್ಗಿದ್ರ ಆಂವರ ಏನ್ ಮಾಡ್ಯಾನು. ಅಷ್ಟ ಸೆಳವಿನಾಗ ಎಳಕೊಂಡ ಬಂದಾನ, ಮತ್ತೊಬ್ಬ ಆಗಿದ್ರ ಮುಳಗ್ತಿದ್ದ" ಎಂದು ಮಣ್ಣಿಗೆ ಬಂದವರು ಆಡಿಕೊಂಡರು. ಆ ಸುಗ್ಗಿಯಲ್ಲಿ ಕೆಲವು ಮನೆಯವರು ಒಂದೊಂದು ಸೇರು ಹೆಚ್ಚಿಗೆ ಹಾಕಿದರು. ಕಲ್ಲಪ್ಪ ಬೇಡ ಎನ್ನಲಾರದೆ ಚೀಲದ ಬಾಯಿ ಅಗಲಿಸಿ ಹಿಡಿದ.

ಚಕ್ಕಡಿಯನ್ನು ಹನಮವ್ವ ತಾನೇ ಹೊಡೆಯತೊಡಗಿದಳು. ಗುಡಿ ನೋಡಲು ಬಂದವರು ಹೆಂಗಸು ಚಕ್ಕಡಿ ಹೊಡೆಯುವುದನ್ನು ಕಂಡು ಬೆರಗಾಗುತ್ತಿದ್ದರು, ಕೆಲವರು ಫೋಟೋ ತೆಗೆಯುತ್ತಿದ್ದರು. ಅವಳು ಎತ್ತಿನ ಕಡೆಯೇ ನೋಡುತ್ತಿದ್ದಳು. ಹರಿಗೋಲಿನಿಂದ ಇಳಿಯುವವರನ್ನು ಅವಳ ಚಕ್ಕಡಿಗೆ ಹತ್ತಿಸುವಾಗ ಕಲ್ಲಪ್ಪನಿಗೆ ದಿನಾಲೂ ಅದೇ ಮೂರು ಮಾತು: "ಬಂದ್ಯಾ ಅಣ್ಣಾ", "ಬಂದ್ನಿ ತಂಗಿ", "ಹುಷಾರ".

ಮರುವರ್ಷದ ಚಳಿಗಾಲದಲ್ಲಿ ಧಾರವಾಡದ ಕಡೆಯ ನಾಲ್ವರು ಮಾಸ್ತರರು ಬಂದರು. ಗುಡಿ ನೋಡಿ ದಂಡೆಗೆ ಮರಳಿದ ಮೇಲೆ ಅವರಲ್ಲೊಬ್ಬರು, "ಹರಗೋಲದಾಗ ಗಡ್ಡಿ ಸುತ್ತ ಹಾಕಿಸ್ತೀಯೇನಪಾ?" ಎಂದರು.

"ಇಲ್ರೀ" ಎಂದ ಕಲ್ಲಪ್ಪ, ಕಡಿದು ಹಾಕಿದಂತೆ.

"ಅಲ್ಲಿ ಸೆಳವ ಐತ್ರೀ" ಎಂದು ಹನಮವ್ವ ಚಕ್ಕಡಿಯ ಮೇಲಿನಿಂದಲೇ ವಿವರಿಸಿದಳು. "ಪಾಪ, ಹ್ವಾದ ವರ್ಷ ಅಣ್ಣಾನ ಜೀವ ಉಳದದ್ದ ದೊಡ್ಡದು."

ಕಲ್ಲಪ್ಪ ಮಾಸ್ತರರನ್ನು ಹರಿಗೋಲಿನಲ್ಲಿ ಕೂರಿಸಿದ. ಹೊರಡಲಿಲ್ಲ. ಹಗ್ಗವನ್ನು ಗೂಟಕ್ಕೆ ಸುತ್ತಿ, ಮರಳಿನಲ್ಲಿ ನಡೆದು ಚಕ್ಕಡಿಯ ಗಾಲಿಯ ಬಳಿ ಬಂದು ನಿಂತ.

"ಅವತ್ತ ಸೆಳವ ಇರಲಿಲ್ಲ ತಂಗಿ. ಅವ್ರು ಹಕ್ಕಿ ನೋಡ್ತೇವಿ ಅಂದ್ರು. ನಾನಽ ಹೋಗಿದ್ನಿ."

ಹನಮವ್ವನ ಕೈಯಲ್ಲಿನ ಬಾರಕೋಲು ಅಲುಗಲಿಲ್ಲ. ಒಂದು ಎತ್ತು ಕತ್ತು ಕೊಡವಿತು. ಹರಿಗೋಲಿನಲ್ಲಿ ಮಾಸ್ತರರು ಏನೋ ಮಾತಿಗೆ ನಗುತ್ತಿದ್ದರು.

"ಹಕ್ಕಿ ಕಂಡೂವೇನು?" ಎಂದಳು.

"ಕಂಡೂವು."

ಅವಳು ಎತ್ತುಗಳನ್ನು ತಿರುಗಿಸಿಕೊಂಡು ಹೋದಳು.

ಊರ ಹಿರಿಯರು ಕರೆಸುತ್ತಾರೆಂದು ಕಲ್ಲಪ್ಪ ಕಾದ. ಮರುದಿನ ಯಾರೂ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಗಡ್ಡಿಯ ಜನ ಎಂದಿನಂತೆ ಹತ್ತಿದರು, ಇಳಿದರು, ಅವನ ಜೊತೆ ಎಲೆಯಡಿಕೆ ಹಂಚಿಕೊಂಡರು.

ಸಂತೆಯ ದಿನ ಬೆಳಿಗ್ಗೆ ಹೊಳೆಯ ಮೇಲೆ ಮಂಜು ಕವಿದಿತ್ತು. ಕಲ್ಲಪ್ಪ ಗಡ್ಡಿಯ ದಂಡೆಯಲ್ಲಿ ಹರಿಗೋಲಿನ ನೀರು ಮೊಗೆದು ಚೆಲ್ಲುತ್ತಿದ್ದ.

"ಏ ಹರಗೋಲಾ!"

ಅವನ ಹೆಸರು ಗೊತ್ತಿಲ್ಲದ ದೂರದ ಊರಿನವರು ಹಾಗೆ ಕೂಗುತ್ತಾರೆ. ಅವನು ಆಚೆ ದಂಡೆಯತ್ತ ಕಣ್ಣು ಕಿರಿದಾಗಿಸಿ ನೋಡಿದ, ಯಾರೂ ಇರಲಿಲ್ಲ. ತಿರುಗಿದಾಗ ಹತ್ತೇ ಮಾರು ದೂರದಲ್ಲಿ, ತಲೆಯ ಮೇಲೆ ಬುಟ್ಟಿ ಹೊತ್ತು, ಹನಮವ್ವ ನೀರನ್ನು ನೋಡುತ್ತ ನಿಂತಿದ್ದಳು.