ಮೈಕ್ ಇಲ್ಲದ ಅಸರ್ ಬಾಂಗ್

ಫ್ಯಾನಿನ ರೆಕ್ಕೆ ಒಂದೊಂದಾಗಿ ಕಾಣತೊಡಗಿತು, ನಿಂತೇಬಿಟ್ಟಿತು, ಕರೆಂಟು ಹೋಯಿತು, ಇವತ್ತೇ ಹೋಗಬೇಕಿತ್ತೇ, ಸಂಜೆಯ ಅಸರ್ ನಮಾಜಿನ ಹೊತ್ತಿಗೇ — ಸುರುಟುತ್ತಿದ್ದ ಬೀಡಿ ಬೆರಳಲ್ಲೇ ಬಿಚ್ಚಿಕೊಂಡಿತು, ರಸ್ತೆಯಾಚೆ ಮಸೀದಿಯ ಮೆಟ್ಟಿಲು ನನ್ನ ಜಗಲಿಗೆ ಚೆನ್ನಾಗಿ ಕಾಣುತ್ತದೆ, ನಮ್ಮ ಮನೆಯವರು ಒಳಗೆ ಹೋಗಿ ಐದು ನಿಮಿಷವಾಯಿತು, ಆರು ವಾರದ ಮೇಲೆ ಇವತ್ತು ಮೊದಲ ಬಾಂಗ್, ಮೈಕ್ ಇದ್ದಿದ್ದರೆ ಮೆಲ್ಲಗೆ ಹೇಳಿದರೂ ಪುಂಜಾಲಕಟ್ಟೆ ಪೇಟೆಗೆ ಕೇಳುತ್ತಿತ್ತು, ಮೈಕಿನ ಬ್ಯಾಟರಿ ಸಿಡಿಲಿಗೆ ಸುಟ್ಟದ್ದು ಇನ್ನೂ ರಿಪೇರಿಯಾಗಿಲ್ಲ. ಡಾಕ್ಟರು ಹೇಳಿದ್ದರು, ಗಂಟಲಿನ ಗಂಟು ತೆಗೆದಿದ್ದೇವೆ, ಸ್ವರ ಬಂದರೂ ಬರಬಹುದು, ಬಾರದೆಯೂ ಇರಬಹುದು, ಕೂಗಲು ಮಾತ್ರ ಹೋಗಬೇಡಿ. ಮೂವತ್ತೊಂದು ವರ್ಷ ದಿನಕ್ಕೆ ಐದು ಸಲ ಊರನ್ನು ನಮಾಜಿಗೆ ಕರೆದ ಉಮ್ಮರ್ ಮುಕ್ರಿಗೆ ಹೇಳುವ ಮಾತೇ ಅದು? ಪಕ್ಕದಲ್ಲಿ ಸೇಸಮ್ಮನ ಕತ್ತರಿಯೂ ನಿಂತಿದೆ, ಬೀಡಿ ಕಟ್ಟಲು ಅವಳಿಗೆ ನನ್ನ ಜಗಲಿಯೇ ಆಗಬೇಕು, ಉಮ್ಮರ್ ಬ್ಯಾರಿಗಳ ಸ್ವರ ಇಲ್ಲದೆ ನನಗೆ ಗಂಟೆಯೇ ತಿಳಿಯುವುದಿಲ್ಲ ಮಾರಾಯ್ತಿ, ಅವರ ಬದಲಿಗೆ ನಿಮ್ಮ ಮದ್ರಸದ ಉಸ್ತಾದರು ಕೂಗಿದರೆ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟ ಹಾಗೆ ಉಂಟು, ಮೊನ್ನೆ ಬೀಡಿ ಒಪ್ಪಿಸುವ ಬ್ರಾಂಚಿನ ಬಾಗಿಲು ಹಾಕಿದ ಮೇಲೆ ಹೋಗಿ ಮುಟ್ಟಿದೆ ಎನ್ನುತ್ತಾಳೆ. ಸ್ವರ ಹೋದ ಮಧ್ಯಾಹ್ನ ಮೈಕಿನ ಮುಂದೆ ಇವರು ಬಾಯಿ ತೆರೆದರೆ ಊರಿಡೀ ಬರೀ ಉಸಿರು, ಭುಸ್ಸೆಂದು — ಗಾಳಿ ಎದ್ದಿತೆಂದು ಒಣಗಲು ಹಾಕಿದ್ದನ್ನೆಲ್ಲ ಒಳಗೆ ತಂದೆ ಎಂದಳು ಸೇಸಮ್ಮ, ನಾನು ನಕ್ಕೆ, ಆಮೇಲೆ ಅಡುಗೆಮನೆಗೆ ಹೋಗಿ ಅತ್ತೆ.

ಮೊದಲ ವಾರ ನಾನು ಅಲ್ಲಾಹನ ಹತ್ತಿರ ಜಗಳವನ್ನೇ ಆಡಿದೆ, ನಿನ್ನನ್ನೇ ಕೊಂಡಾಡಿದ ಗಂಟಲಲ್ಲವಾ, ಇನ್ನು ಯಾರದ್ದೂ ಸಿಗಲಿಲ್ಲವಾ ನಿನಗೆ. ಇವರು ಏನೂ ಆಗದವರ ಹಾಗೆ ನನ್ನ ಬದಿಯಲ್ಲಿ ಕೂತು ಎಲೆ ಒರೆಸಿ ಕೊಡುತ್ತಿದ್ದರು, ತುಟಿ ಅಲುಗುತ್ತಿತ್ತು, ಮಗಳು ಹನಾ ಕೇಳಿದಳು, ಉಪ್ಪಾ, ನಿಮಗೆ ಹೆದರಿಕೆ ಆಗುವುದಿಲ್ಲವಾ, ಅವಳ ನೋಟ್‌ಬುಕ್ಕಿನಲ್ಲೇ ಬರೆದರು — ಆಗ್ತದೆ, ಆದರೆ ಕೊಯ್ಯುವ ಕತ್ತಿಗಿಂತ ಹತ್ತಿರ ಅವನು ಇದ್ದ. ಅಕ್ಷರ ಸೊಟ್ಟ, ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವರದ್ದು, ಆ ಹಾಳೆಯನ್ನು ಹರಿದು ನನ್ನ ನಮಾಜಿನ ಚಾಪೆ, ಮುಸಲ್ಲದ ಕೆಳಗಿಟ್ಟಿದ್ದೇನೆ. ಅಲ್ಲಿಯವರೆಗೆ ಅಲ್ಲಾಹನ ಹೆಸರು ನನಗೆ ಇವರ ಬಾಯಿಂದಲೇ ಬರುತ್ತಿತ್ತು, ಇವರು ಹೇಳಿದ ಮೇಲೆ ನಾನು ಹೇಳುವವಳು, ಮನೆ ಮೌನವಾದಾಗ ನಾನೇ ಮೊದಲು ಹೇಳಬೇಕಾಯಿತು, ಒಂದೊಂದು ಬೀಡಿಗೆ ಒಂದೊಂದು ಸಲ, ಕೊಡು ಎಂದಲ್ಲ, ಇದ್ದೀಯಲ್ಲ ಎಂದಷ್ಟೇ — ಜಗಳ ಯಾವ ಕಟ್ಟಿನಲ್ಲಿ ಮುಗಿಯಿತೋ ತಿಳಿಯಲೇ ಇಲ್ಲ.

ಬಂದರು. ಹೊರಗೆ ಮೆಟ್ಟಿಲ ಮೇಲೆ, ಬರಿಗಂಟಲಲ್ಲಿ, ಪಡುವಣಕ್ಕೆ ಮುಖ ಮಾಡಿ ನಿಂತರು, ಬಾಂಗ್ ಕೊಡುವಾಗಿನ ಹಾಗೆಯೇ ಎರಡೂ ಕೈ ಕಿವಿಗೆ ಹೋಯಿತು. ಸೈನಬಾ, ಬೇಡ ಅಂತ ಹೇಳು, ಇವತ್ತೊಂದು ದಿನ ಉಸ್ತಾದರೇ ಕೊಡಲಿ, ಸೇಸಮ್ಮ ನನ್ನ ಮೊಣಕೈ ಹಿಡಿದಿದ್ದಾಳೆ, ನಾನು ಹೇಳುವುದಿಲ್ಲ, ಶಾಲನ್ನು ತಲೆಗೆಳೆದುಕೊಂಡೆ — ಅಲ್ಲಾಹು ಅಕ್ಬರ್, ಬಂತು, ತೆಳ್ಳಗೆ, ರಸ್ತೆ ದಾಟಿ ಬಂತು, ಎರಡನೆಯದು ನಡುವೆಯೇ ಒಡೆಯಿತು, ಬೈಕೊಂದು ಹೋಯಿತು, ಆಮೇಲೆ ಏನೂ ಕೇಳಿಸುವುದಿಲ್ಲ, ಅಂಗಡಿಯ ಮುಂದಿನವರು ತಿರುಗಿ ನೋಡುತ್ತಿದ್ದಾರೆ, ನೋಡಲಿ, ಚೆನ್ನಾಗಿ ನೋಡಲಿ ನನ್ನ ಗಂಡನನ್ನು, ಕೈ ಇಳಿಸಲಿಲ್ಲ, ಗಂಟಲು ಹರಿದುಕೊಳ್ಳಲೂ ಇಲ್ಲ, ಇದ್ದಷ್ಟು ಸ್ವರದಲ್ಲೇ ಹೇಳುತ್ತಿದ್ದಾರೆ, ದವಡೆ ಅಲುಗುತ್ತಿದೆ, ನಾನು ಇಲ್ಲಿ ಬಾಂಗಿನ ಒಂದೊಂದು ಮಾತಿಗೂ ಉತ್ತರ ಹೇಳುತ್ತಿದ್ದೇನೆ, ಯಾರೋ ಇಬ್ಬರು ಅಂಗಡಿಯಿಂದ ಇಳಿದು ಮಸೀದಿಯ ಕಡೆ ಹೊರಟರು, ಕೇಳಿಸಿತಾ ಅವರಿಗೆ, ಕಂಡಿತಾ, ಈಗ ನಮಾಜಿಗೆ ಬನ್ನಿ ಎನ್ನುವಲ್ಲಿಗೆ ಬಂದರು, ಮುಖ ಬಲಕ್ಕೆ, ನನ್ನ ಕಡೆಗೆ ತಿರುಗಿತು, ಸ್ವರ ಇಲ್ಲ, ತುಟಿ ಉಂಟು, ಕಿವಿಯ ಮೇಲೆ ಎರಡು ಕೈ — ಕಿವಿಯ ಮೇಲೆ ಎರಡು ಕೈ, ಇಳಿದಿಲ್ಲ —