ಬಿಟ್ಟಿ ಮಿಷನ್ನು

ಎಪ್ಪತ್ತಮೂರರ ದೀಪಾವಳಿಗೆ ಹೊಳಲ್ಕೆರೆಯ ಜವಳಿ ಅಂಗಡಿ ಮುರುಗೇಶಪ್ಪನವರು ಒಂದು ಬಹುಮಾನ ಯೋಜನೆ ಇಟ್ಟರು. ಇಪ್ಪತ್ತು ರೂಪಾಯಿ ಬಟ್ಟೆ ಕೊಂಡವರಿಗೆ ಒಂದು ಕೂಪನ್ನು. ಹಬ್ಬದ ಮಾರನೇ ದಿನ ಅಂಗಡಿ ಮುಂದೆ ಚೀಟಿ ಎತ್ತುವುದು, ಗೆದ್ದವರಿಗೆ ಹೊಲಿಗೆ ಮಿಷನ್ನು. ಜನ ಮುಗಿಬಿದ್ದರು. ಬಟ್ಟೆ ಬೇಡದವರೂ ಕೂಪನ್ನು ಕೇಳತೊಡಗಿದಾಗ ಮುರುಗೇಶಪ್ಪನವರು ಅದನ್ನೇ ಒಂದೊಂದು ರೂಪಾಯಿಗೆ ಮಾರಿದರು.

ಉಚ್ಚಂಗಮ್ಮ ಅಂಗಡಿಗೆ ಹೋಗಿದ್ದು ದಾರದ ಉಂಡೆಗೆ. ಗಂಡ ಸಣ್ಣಪ್ಪ ಕುರಿ ಹೊಡಕೊಂಡು ಭದ್ರಾ ಕಡೆ ಹೋಗಿದ್ದ. ಇನ್ನು ಮುಂಗಾರಿಗೇ ಅವನು ವಾಪಸ್ಸು. ಮಹಿಳಾ ಸಮಾಜದಲ್ಲಿ ಹೊಲಿಗೆ ಕಲಿತಿದ್ದರೂ ಮಿಷನ್ನಿಲ್ಲದೆ ಅವಳು ಓಣಿಯವರ ಕುಪ್ಪಸಗಳನ್ನು ಕೈಯಲ್ಲೇ ಹೊಲಿಯುತ್ತಿದ್ದಳು. ಬಾಗಿಲಲ್ಲಿಟ್ಟಿದ್ದ ಮಿಷನ್ನಿನ ಚಕ್ರವನ್ನು ಒಮ್ಮೆ ಮುಟ್ಟಿ ನೋಡಿದಳು. ಸೆರಗಿನ ಗಂಟು ಬಿಚ್ಚಿ ಒಂದು ರೂಪಾಯಿ ಕೊಟ್ಟಳು. ಅದು ಎರಡು ಕುಪ್ಪಸದ ಕೂಲಿ.

ಮಿಷನ್ನು ಅವಳಿಗೇ ಬಂತು. ಅಂಗಡಿಯ ಗಿರಾಕಿಗಳ ಹೊಲಿಗೆಯನ್ನೂ ಮುರುಗೇಶಪ್ಪನವರು ಅವಳ ಮನೆಗೇ ಕಳಿಸತೊಡಗಿದರು.

ಓಣಿಯವರ ಬಾಯಿಗೆ ಅಷ್ಟೇ ಸಾಕಾಯಿತು. ಪಕ್ಕದ ಮನೆ ಪುಟ್ಟಕ್ಕ ಕುಪ್ಪಸ ಹೊಲಿಸಿಕೊಂಡಾಗಲೆಲ್ಲ, "ನಿಂಗೇನವ್ವ, ಬಿಟ್ಟಿ ಬಂದ ಮಿಷನ್ನು, ಕೂಲಿ ಒಂಚೂರು ಕಮ್ಮಿ ಮಾಡು" ಅನ್ನುವಳು. ನೀರಿಗೆ ಹೋದರೂ ಬಿಟ್ಟಿ, ಸಂತೆಗೆ ಹೋದರೂ ಬಿಟ್ಟಿ. ಉಚ್ಚಂಗಮ್ಮ ನಕ್ಕುಬಿಡುತ್ತಿದ್ದಳು. ಒಳಗೆ ಮಾತ್ರ ಉರಿಯುತ್ತಿತ್ತು.

ಸಂಕ್ರಾಂತಿ ಕಳೆದ ವಾರ ಪೊಲೀಸರು ಬಂದರು. ಯಾರೋ ಅರ್ಜಿ ಹಾಕಿದ್ದರು. ಅವಳು ಲಂಗವೊಂದನ್ನು ಅರ್ಧ ಹೊಲಿದಿದ್ದಳು.

"ಬಟ್ಟೆ ತೆಗಿಯಮ್ಮ, ಮಿಷನ್ನು ಜಪ್ತಿ ಮಾಡಬೇಕು" ಅಂದರು ದಫೇದಾರರು. "ಪರವಾನಗಿ ಇಲ್ದೆ ದುಡ್ಡು ಇಸ್ಕಂಡು ಚೀಟಿ ಎತ್ತಿದ್ರೆ ಅದು ಲಾಟ್ರಿ. ಸರ್ಕಾರ ಒಪ್ಪದೆ ಯಾರೂ ನಡೆಸಂಗಿಲ್ಲ."

"ನಾನೇನ್ ತಪ್ಪು ಮಾಡೀನಿ ಸಾಮಿ?"

"ನಿನ್ ಮೇಲೆ ಕೇಸಿಲ್ಲ. ನೀನು ಸಾಕ್ಷಿ."

ಚಿತ್ರದುರ್ಗದ ಕೋರ್ಟಿನಿಂದ ಸಮನ್ಸು ಬಂದ ದಿನ ಮುರುಗೇಶಪ್ಪನವರು ಹೆಂಡತಿ ಅನ್ನಪೂರ್ಣಮ್ಮನ ಜೊತೆ ಅವಳ ಮನೆಗೆ ಬಂದರು. ಕಂಬಳಿ ಮೇಲೆ ಕುಂತರು.

"ಇದಕ್ಕೂ ಪರವಾನಗಿ ಬೇಕು ಅಂತ ನಂಗೇನ್ ಗೊತ್ತು, ತಂಗಿ? ಕೂಪನ್ನು ಬಟ್ಟೆ ಕೊಂಡೋರಿಗೆ ಸುಮ್ನೆ ಕೊಟ್ಟಿದ್ದು ಅಂತಾದ್ರೆ ವಾದ ಮಾಡಬೌದು ಅಂತಾರೆ ವಕೀಲರು. ಗೆದ್ದಿದ್ದು ನಿನ್ ಕೂಪನ್ನು, ನಿನ್ ಮಾತ್ಗೇ ಬೆಲೆ."

"ಬಟ್ಟೆ ಜೊತೆ ಕೊಟ್ರು ಅಂದ್ಬಿಡು" ಎಂದರು ಅನ್ನಪೂರ್ಣಮ್ಮ. "ಮಿಷನ್ನು ನಿಂಗೇ ವಾಪಸ್ ಬತ್ತೈತೆ."

"ಆಗ್ಲಿ ಸಾವ್ಕಾರ್ರೆ" ಅಂದಳು ಉಚ್ಚಂಗಮ್ಮ. ಅಲ್ಲಿಂದ ಅವಳಿಗೆ ಊಟ ಸೇರಲಿಲ್ಲ. ರಾಗಿ ಬೀಸುವಾಗಲೂ ಬಾಯಲ್ಲಿ ಅದೇ ಪಾಠ: ಬಟ್ಟೆ ತಗಂಡೆ, ಜೊತೆಗೆ ಕೊಟ್ರು; ಬಟ್ಟೆ ತಗಂಡೆ, ಜೊತೆಗೆ ಕೊಟ್ರು.

ಕೋರ್ಟಿನಲ್ಲಿ ಪ್ರಮಾಣ ಮಾಡಿದಳು. ಸರ್ಕಾರಿ ವಕೀಲರ ಪ್ರಶ್ನೆಗೆ ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿದಳು. ಮುರುಗೇಶಪ್ಪನವರ ಮುಖ ಅರಳಿತು. ಅವರ ವಕೀಲರು ಅದನ್ನು ಇನ್ನಷ್ಟು ಗಟ್ಟಿ ಮಾಡಲು ಎದ್ದು ನಿಂತರು.

"ಅಂದ್ರೆ ಈ ಮಿಷನ್ನು ನಿಮಗೆ ಬಿಟ್ಟಿ ಬಂದಿದ್ದು, ಅಲ್ವೇನಮ್ಮ? ಕೂಪನ್ನಿಗೆ ಅಂತ ಕೈಯಿಂದ ಒಂದು ಪೈಸಾನೂ ಹೋಗಿಲ್ಲ?"

ಹಿಂದೆ ಕುಂತವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಉಚ್ಚಂಗಮ್ಮನಿಗೆ ಪುಟ್ಟಕ್ಕನ ಮಾತೇ ಕೇಳಿಸಿದಂತಾಯಿತು.

"ಬಿಟ್ಟಿ ಹೆಂಗಾತೈತೆ ಸಾಮಿ? ಎರಡು ಕುಪ್ಪಸ ಕೈಯಾಗೆ ಹೊಲ್ದು ದುಡಿದ ರೂಪಾಯಿ ಕೊಟ್ಟೀನಿ ನಾನು!"

ಅಂದ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡಳು. ಮ್ಯಾಜಿಸ್ಟ್ರೇಟರು ಬರೆಯುವುದನ್ನು ನಿಲ್ಲಿಸಿದರು.

"ಹಾಗಾದರೆ ಮೊದಲು ಹೇಳಿದ್ದು?"

ಅವಳು ಮುರುಗೇಶಪ್ಪನವರ ಕಡೆ ನೋಡಿದಳು. ಅವರು ನೆಲ ನೋಡುತ್ತಿದ್ದರು.

"ಅದು ಸುಳ್ಳು, ಸಾಮಿ."

ಇನ್ನೊಂದು ಸಲ ಕೋರ್ಟಿನಲ್ಲಿ ಸುಳ್ಳು ಹೇಳಿದರೆ ಜೈಲೇ ಗತಿ ಎಂದು ಗದರಿಸಿ ಅವಳನ್ನು ಬಿಟ್ಟರು. ಮುರುಗೇಶಪ್ಪನವರಿಗೆ ದಂಡ ಬಿತ್ತು, ಮಿಷನ್ನು ಸರ್ಕಾರದ ಪಾಲಾಯಿತು. ಹೊಳಲ್ಕೆರೆಗೆ ಎಲ್ಲರೂ ಒಂದೇ ಬಸ್ಸಿನಲ್ಲಿ ಬಂದರು. ಇಳಿಯುವಾಗ ಅನ್ನಪೂರ್ಣಮ್ಮ, "ಉಂಡ ಮನೆಗೆ ಎರಡು ಬಗೆದೆಯಲ್ಲೇ" ಅಂದರು. ಮುರುಗೇಶಪ್ಪನವರು ಹೆಂಡತಿಯ ರಟ್ಟೆ ಹಿಡಿದರು. "ಸುಳ್ಳು ಹೇಳು ಅಂದೋರು ನಾವು. ಬಿಡು" ಅಂದರೇ ಹೊರತು ಉಚ್ಚಂಗಮ್ಮನ ಮುಖ ನೋಡಲಿಲ್ಲ. ಅಂಗಡಿ ಕಡೆಯಿಂದ ಬರುತ್ತಿದ್ದ ಹೊಲಿಗೆ ಅಂದಿಗೇ ನಿಂತಿತು.

ಮುಂಗಾರು ಹಿಡಿದ ಮೇಲೆ ಸಣ್ಣಪ್ಪ ಬಂದ. ಎಲ್ಲ ಕೇಳಿಸಿಕೊಂಡ. ಬೈಯಲಿಲ್ಲ. "ಜಪ್ತಿ ಸಾಮಾನು ಹರಾಜು ಹಾಕ್ತಾರಂತೆ. ಎರಡು ಟಗರು ಮಾರಾಣ" ಅಂದ.

ಟಗರು ಮಾರಿ ಇಬ್ಬರೂ ದುರ್ಗಕ್ಕೆ ಹೋದರು. ಕೋರ್ಟಿನ ಗುಮಾಸ್ತ ಪುಸ್ತಕ ತಿರುವಿ, "ಹೋದ ತಿಂಗಳೇ ಹರಾಜಾತಲ್ಲಮ್ಮ. ಹಿರಿಯೂರಿನ ಟೈಲರೊಬ್ಬರು ತಗಂಡು ಹೋದ್ರು" ಅಂದ.

"ತಗಂಡು ಹೋಗೋವಾಗ ಮಿಷನ್ನು ಚೆನ್ನಾಗಿ ಓಡ್ತಿತ್ತೇನ್ರಿ?" ಎಂದು ಕೇಳಿದಳು ಉಚ್ಚಂಗಮ್ಮ.

ಗುಮಾಸ್ತ ತಲೆ ಎತ್ತಿ ನೋಡಿದ. "ಅದನ್ನೆಲ್ಲ ಪುಸ್ತಕದಾಗೆ ಬರಿಯಲ್ಲಮ್ಮ" ಅಂದ.