ಭುಜದ ನೋವಿಗೆ ಮೊಣಕಾಲಿನ ಕೆಳಗೆ

ವೆನ್ ಲೈಶುನ್‌ನ ಬಲಗೈ ಚಳಿಗಾಲದಿಂದೀಚೆಗೆ ಎದೆಮಟ್ಟ ದಾಟಿ ಮೇಲೆದ್ದಿರಲಿಲ್ಲ. ಹಿಟ್ಟನ್ನು ಗಾಳಿಯಲ್ಲಿ ಎಳೆದೆಳೆದು ನೂಡಲ್ಸ್ ಮಾಡುವವನಿಗೆ ಕೈಯೇ ಏಳದಿದ್ದರೆ ಇನ್ನೇನು ಉಳಿಯಿತು, ಮಣ್ಣು! ತೈಯುವಾನ್ ನಗರದ ಆ ಗಲ್ಲಿಯಲ್ಲಿ ಅಪ್ಪನ ಕಾಲದಿಂದ ನಡೆದುಬಂದ ಅಂಗಡಿ ಅದು. ಹೆಂಡತಿ ಗ್ವೇಲಾನ್ ಬೇಸತ್ತು ನೂಡಲ್ಸ್ ಯಂತ್ರಕ್ಕೆ ಆರ್ಡರ್ ಕೊಟ್ಟುಬಿಟ್ಟಿದ್ದಳು. ನಾಳೆ ಬೆಳಿಗ್ಗೆ ಅದು ಬರುವುದಿತ್ತು. ಬಂದರೆ ತಾನು ಗಲ್ಲಾದ ಹಿಂದೆ ಕೂರುವ ಗೊಂಬೆಯೇ ಸರಿ ಎಂದು ಅವನಿಗೆ ಗೊತ್ತಿತ್ತು. ಅದಕ್ಕೇ ಇಂದು ಮೈ ನೀವಿ ಗುಣಪಡಿಸುವ ರೆನ್ ಡಾಕ್ಟರಮ್ಮನ ಸ್ಟೂಲಿನ ಮೇಲೆ ಮುಖ ಗಂಟಿಕ್ಕಿಕೊಂಡು ಕೂತಿದ್ದ.

"ಎಲ್ಲಿ ನೋವು ಅಂತ ಕೇಳೋದೇ ಇಲ್ವಲ್ಲ ಡಾಕ್ಟರಮ್ಮ?"

"ನಿಮ್ಮ ಬಾಯಿಗಿಂತ ನಿಮ್ಮ ಭುಜ ಸರಿಯಾಗಿ ಹೇಳುತ್ತೆ. ಸುಮ್ನಿರಿ."

ಡಾಕ್ಟರಮ್ಮ ಕೈಯ ಹಿಂಬದಿಯನ್ನು ಅವನ ಭುಜದ ಮೇಲಿಟ್ಟು ಹೊರಳಿಸತೊಡಗಿದರು. ಒತ್ತಲಿಲ್ಲ, ಉಜ್ಜಲಿಲ್ಲ. ಮಣಿಕಟ್ಟು ಆಚೆ ಈಚೆ ಹೊರಳುತ್ತಿತ್ತು, ಅಷ್ಟೇ. ಆದರೆ ಭಾರ ಚರ್ಮದ ಮೇಲೆ ನಿಲ್ಲದೆ ಒಳಗೊಳಗೇ ಇಳಿದು ಮೂಳೆಯ ಬುಡಕ್ಕೆ ಹೋಗುತ್ತಿತ್ತು. ಲೈಶುನ್ ಬೆಚ್ಚಿದ. ಜನ್ಮವಿಡೀ ಹಿಟ್ಟು ನಾದಿದವನು. ಇಂಥ ಕೈ ಎಲ್ಲರಿಗೂ ಬರುವಂಥದ್ದಲ್ಲ ಎಂದು ಬಲ್ಲ. ಅವರ ಹೆಬ್ಬೆರಳು ತಾನಾಗಿಯೇ ಹುಡುಕಿಕೊಂಡು ಹೋಗಿ ಭುಜದ ಹಿಂದೆ ಒಂದು ಕಡೆ ನಿಂತಿತು. ಅವನ ನಿದ್ದೆ ಕೆಡಿಸುತ್ತಿದ್ದ ಜಾಗ ಅದೇ! ಹೆಂಡತಿಗೆ ಕೂಡ ಅದನ್ನು ಸರಿಯಾಗಿ ತೋರಿಸಿಕೊಡಲು ಅವನಿಂದ ಆಗಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವರು ಕೆಳಗೆ ಕೂತು, ಅವನ ಪ್ಯಾಂಟು ಮಡಚಿ, ಮೊಣಕಾಲಿನಿಂದ ಕೆಳಕ್ಕೆ ಬೆರಳಲ್ಲಿ ಅಳೆದು ಒಂದು ಕಡೆ ಹೆಬ್ಬೆರಳು ಊರಿದರು.

"ಅಯ್ಯಯ್ಯೋ! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತಲ್ಲ! ನೋವು ಮೇಲಿದೆ, ತಾಯಿ!"

"ಹಾಗೇ ಅವರ ನಾಲಗೆಗೂ ಒಂದು ಬರೆ ಹಾಕಿಬಿಡಿ ಡಾಕ್ಟರಮ್ಮ," ಬಾಗಿಲ ಬಳಿ ನಿಂತಿದ್ದ ಗ್ವೇಲಾನ್ ಅಂದಳು.

"ಈಗ ಕೈ ಎತ್ತಿ," ಎಂದರು ಡಾಕ್ಟರಮ್ಮ. "ನಿಧಾನಕ್ಕೆ."

ಕಾಲಲ್ಲಿ ಜೋಮು ಹಿಡಿದಂಥ ನೋವು ಏರಿತು. ಕೈ ಎದೆಮಟ್ಟಕ್ಕೆ ಬಂತು. ಇನ್ನು ನಿಂತೇ ಹೋಗುತ್ತದೆ ಎಂದು ಅವನು ಕಣ್ಣು ಮುಚ್ಚಿದ. ನಿಲ್ಲಲಿಲ್ಲ. ಗದ್ದ ದಾಟಿತು, ಕಿವಿ ದಾಟಿತು. ಕಣ್ಣು ಬಿಟ್ಟರೆ ತನ್ನದೇ ಬೆರಳುಗಳು ತಲೆಯ ಮೇಲೆ! "ಅಬ್ಬಬ್ಬಾ" ಎಂದ. ಗ್ವೇಲಾನ್ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡಳು.

"ಸಾಕು, ಇಳಿಸಿ," ಎಂದು ಡಾಕ್ಟರಮ್ಮನ ದನಿ ಕೇಳಿತು.

"ಊಹೂಂ! ಇಳಿಸಿದ್ರೆ ಮತ್ತೆ ಏಳ್ದೇ ಹೋದ್ರೆ? ನಿಮ್ಮ ದಮ್ಮಯ್ಯ, ಕಾಲಿಂದ ಬೆರಳು ಮಾತ್ರ ತೆಗೀಬೇಡಿ!"

"ಯಾವ ಬೆರಳು?"

ದನಿ ಬಂದದ್ದು ಹಿಂದಿನಿಂದ. ತಿರುಗಿ ನೋಡಿದರೆ ಡಾಕ್ಟರಮ್ಮ ಮೂಲೆಯಲ್ಲಿ ನಿಂತು ಕೈ ತೊಳೆಯುತ್ತಿದ್ದರು. "ನಿಮ್ಮ ಕೈ ಗದ್ದ ದಾಟಿದಾಗ್ಲೇ ತೆಗೆದೆ. ಆಮೇಲಿಂದು ನೀವೇ ಎತ್ತಿದ್ದು."

ಲೈಶುನ್ ಉಸಿರು ಬಿಗಿಹಿಡಿದು ಕೈಯನ್ನು ತೊಡೆಯವರೆಗೂ ಇಳಿಸಿದ. ಹೆದರಿಕೆಯಿಂದ ಒಂದು ಗಳಿಗೆ ಅಲ್ಲೇ ಇಟ್ಟುಕೊಂಡ. ಆಮೇಲೆ ಎತ್ತಿದ. ನಡುಗುತ್ತ, ನೋಯುತ್ತ, ಆದರೂ ಅದು ಎದ್ದಿತು.

"ಲೇ, ಆ ಯಂತ್ರದೋನಿಗೆ ಫೋನ್ ಮಾಡೇ!" ಎಂದ, ಕೈ ಮೇಲೆಯೇ ಇತ್ತು.

ಗ್ವೇಲಾನ್ ಆಗಲೇ ಫೋನನ್ನು ಕಿವಿಗಿಟ್ಟುಕೊಂಡಿದ್ದಳು.